ಬೋನಿನ ಕಾಗೆ ಉಂಡ ಅನ್ನ

ಸೋಂಪಿನ ವಾಸನೆ ಬಂದರೆ ಉಳಿದವರಿಗೆ ಹೋಟೆಲಿನ ಕೌಂಟರು ನೆನಪಾಗಬಹುದು. ನನಗೆ ನೆನಪಾಗುವುದು ಬೋನು. ಹ್ಯಾಂಬರ್ಗಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಹಳ್ಳಿಯಲ್ಲಿ ನಾವು ಒಂದು ಇಟ್ಟಿಗೆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮಾಲೀಕರಾದ ಹೆರ್ ಪೀಟರ್ಸನ್ ಒಬ್ಬರೇ ಇದ್ದರು. ಊರಾಚೆಯ ಹೊಲಗಳಲ್ಲಿ ಬೇಟೆಯಾಡುವ ಹಕ್ಕು ಅವರದು, ಅಲ್ಲಿನ ಮೊಲ, ಗೌಜುಗ ಹಕ್ಕಿಗಳನ್ನು ಕಾಯುವ ಹೊಣೆಯೂ ಅವರದೇ. ಅವರ ಹಸಿರು ಕೋಟಿನ ಜೇಬಿನಲ್ಲಿ ಸದಾ ಸೋಂಪು ಇರುತ್ತಿತ್ತು. ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಒಂದು ಕೋಳಿಮೊಟ್ಟೆ ಇಟ್ಟು ಬಾಗಿಲಲ್ಲಿ ನಾಲ್ಕು ಕಾಳು ಸೋಂಪು ಉದುರಿಸಿದರೆ ಸಾಕು, ಗೂಡಿನ ಮೊಟ್ಟೆ ಕದಿಯುವ, ನಮ್ಮ ಮುಂಗುಸಿಯಷ್ಟು ದೊಡ್ಡದಾದ ಮಾರ್ಡರ್ ಎಂಬ ಪ್ರಾಣಿ ತಾನಾಗಿ ಒಳಗೆ ಹೋಗುತ್ತಿತ್ತು, ಹಿಂದೆ ಬಾಗಿಲು ಬೀಳುತ್ತಿತ್ತು. ಶನಿವಾರ ಬೆಳಿಗ್ಗೆ ಬೋನುಗಳನ್ನು ನೋಡಿ ಬರಲು ಹೊರಟರೆ ನಾನೂ ಅವರ ಬೆನ್ನಿಗೆ ಬೀಳುತ್ತಿದ್ದೆ. ಜರ್ಮನಿ ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಪ್ಪ ಹುಬ್ಬಳ್ಳಿಯಿಂದ ಬಂದು ಮೂರು ವರ್ಷವಾಗಿತ್ತು, ನನಗೆ ಎಂಟು ವರ್ಷ. ಮನೆಯಲ್ಲಿ ಜರ್ಮನ್ ಸರಾಗವಾಗಿ ಬರುತ್ತಿದ್ದುದು ನನಗೊಬ್ಬಳಿಗೇ. ಆ ಜಂಬವೇನೂ ಕಡಿಮೆ ಇರಲಿಲ್ಲ.

ಕಾಗೆಗಳಿಗೆ ಬೇರೆ ಬೋನು. ಅದು ಎರಡು ಖಾನೆಗಳ ತಂತಿ ಪಂಜರ. ಒಂದರಲ್ಲಿ ನೀರು, ಕೂಳು ಕೊಟ್ಟು ಜೀವಂತ ಕಾಗೆಯೊಂದನ್ನು ಸಾಕಿರುತ್ತಿದ್ದರು. ನಮ್ಮ ಗಡಿಯಲ್ಲಿ ಇದ್ಯಾರಪ್ಪ ಎಂದು ಜಗಳಕ್ಕೆ ಬಂದ ಹೊರಗಿನ ಕಾಗೆ ಇನ್ನೊಂದು ಖಾನೆಯ ಕೋಲಿನ ಮೇಲೆ ಕೂತರೆ ಕೋಲು ಕುಸಿದು ಮುಚ್ಚಳ ಬೀಳುತ್ತಿತ್ತು. ಹೆರ್ ಪೀಟರ್ಸನ್ ಅದನ್ನು ಹೊರತೆಗೆದು ಒಂದೇ ಏಟಿಗೆ ಮುಗಿಸುತ್ತಿದ್ದರು. ಅದಕ್ಕೆ ಅವರ ಹತ್ತಿರ ಪರವಾನಗಿ ಇತ್ತು. ಒಂದು ಜೋಡಿ ಕಾಗೆ ಒಂದೇ ದಿನದಲ್ಲಿ ಗೌಜುಗದ ಗೂಡು ಖಾಲಿ ಮಾಡುತ್ತದೆ ಎಂದು ಅವರು ನನಗೆ ಒಡೆದ ಮೊಟ್ಟೆಯ ಚಿಪ್ಪುಗಳನ್ನೂ ತೋರಿಸಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂದದ್ದಿಲ್ಲ, ಈಗಲೂ ಇಲ್ಲ.

ಆ ವರ್ಷ ಯುಗಾದಿಯ ಹೊತ್ತಿಗೆ ಅಜ್ಜಿ ಬಂದಳು. ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು, ಶ್ರಾದ್ಧವನ್ನು ಈ ಸಲ ಅಪ್ಪ ಇಲ್ಲಿಯೇ ಮಾಡುವುದೆಂದಾಗಿತ್ತು. ಬಂದ ಎರಡನೇ ದಿನವೇ ಹೆರ್ ಪೀಟರ್ಸನ್ ಮೆಟ್ಟಿಲ ಕೆಳಗೆ ನಿಂತು, ಉಳಿದ ಅನ್ನವಿದ್ದರೆ ಕಾಗೆಗೆ ಬೇಕು ಎಂದರು. ನಾನು ಅಷ್ಟನ್ನೇ ಅಜ್ಜಿಗೆ ಹೇಳಿದೆ. ಅಜ್ಜಿಯ ಮುಖ ಅರಳಿತು. "ನೋಡವಾ, ಎಂಥಾ ಪುಣ್ಯಾವಂತ ಮನಷ್ಯಾ! ಹಿರ್‍ಯಾರ ಹೆಸರಲೆ ದಿನಾ ಕಾಗಿಗೆ ಅನ್ನಾ ಇಡತಾನ" ಎಂದಳು. ಅಲ್ಲಿಗೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಜ್ಜಿ ಉಳಿದ ಅನ್ನ ಕೊಡುವುದನ್ನೇ ನಿಲ್ಲಿಸಿ, ದಿನಾ ಬೆಳಿಗ್ಗೆ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಉಂಡೆ ಕಟ್ಟಿ ನನ್ನ ಕೈಲಿ ಕಳಿಸತೊಡಗಿದಳು. ಮಾಡಲು ಕೆಲಸವಿಲ್ಲದ, ಮಾತಾಡಲು ಜನವಿಲ್ಲದ ಆ ಊರಲ್ಲಿ ಅದೊಂದೇ ಅವಳಿಗೆ ಸಮಾಧಾನ. ಆ ಸಮಾಧಾನ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಶನಿವಾರದ ಸುತ್ತು ತಪ್ಪೀತೆಂಬ ಹೆದರಿಕೆಯೂ ಇತ್ತು, ಸುಳ್ಳೇಕೆ.

ಶ್ರಾದ್ಧದ ದಿನ ಅಪ್ಪ ರಜೆ ಹಾಕಿದ. ಕಾಗದದಲ್ಲಿ ಬರೆದುಕೊಂಡಿದ್ದ ಮಂತ್ರ ಓದಿ ಪಿಂಡ ಮಾಡಿ ಹಿತ್ತಲ ಗೋಡೆಯ ಮೇಲಿಟ್ಟ. ಅದರ ಪಕ್ಕದಲ್ಲಿ ಅಜ್ಜಿ ಒಂದು ಮಿರ್ಚಿ ಭಜಿ ಇಟ್ಟಳು. ಶ್ರಾದ್ಧದ ಎಡೆಗೆ ಮಿರ್ಚಿ ಭಜಿ ಇಡುವ ಪದ್ಧತಿ ನಮ್ಮಲ್ಲಿ ಇಲ್ಲ. ಕಡೆಯ ವಾರದಲ್ಲಿ ಅಜ್ಜ ಕೇಳಿದ್ದು ಅದನ್ನೇ. ಬಿಪಿ ಎಂದು ಅಜ್ಜಿ ಕೊಟ್ಟಿರಲಿಲ್ಲ. ಅಜ್ಜ ಗೋಡೆಯ ಕಡೆ ಹೊರಳಿ ಮಲಗಿದವನು ಆಮೇಲೆ ಅವಳ ಜೊತೆ ಮಾತೇ ಆಡಲಿಲ್ಲವಂತೆ.

ಒಂದು ಗಂಟೆ ಕಾದರೂ ಒಂದು ಕಾಗೆಯೂ ಇಲ್ಲ. ಅಜ್ಜಿ ಆಕಾಶ ನೋಡಿ, "ತಪ್ಪಾತು. ಭಜಿ ಮಾಡೀನಿ, ಬರ್‍ರಿ. ಇನ್ನೂ ಎಷ್ಟಂತ ಸಿಟ್ಟು ಹಿಡೀತೀರಿ?" ಎಂದಳು. ಇನ್ನೊಂದು ಗಂಟೆ ಕಳೆಯಿತು. ಅಪ್ಪ ಅಲ್ಲಿಲ್ಲಿ ನೋಡಿದ, ಅಮ್ಮ ಒಳಗೆ ಹೋದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯ ಪಕ್ಕ ಕೂತುಬಿಟ್ಟಳು. ನಾನು ಅವಳ ಪಕ್ಕ ಹೋಗಿ ಕೂತೆ.

"ಅಜ್ಜಿ, ಕೆಳಗಿನ ಮನಿಯವರು ಕಾಗಿ ಹಿಡೀತಾರ. ನಿನ್ನ ಅನ್ನ ಹಾಕಿನಽ ಹಿಡೀತಾರ. ನನಗ ಗೊತ್ತಿತ್ತು" ಎಂದೆ.

ಅಜ್ಜಿ ಬೈಯಲಿಲ್ಲ. ಪಿಂಡವನ್ನೂ ಭಜಿಯನ್ನೂ ಎತ್ತಿಕೊಂಡು, "ಎಲ್ಲದ, ತೋರಿಸು" ಎಂದಳು. ಹೊಲದ ಅಂಚಿನಲ್ಲಿ ಹೆರ್ ಪೀಟರ್ಸನ್ ಪಂಜರದ ನೀರು ಬದಲಿಸುತ್ತಿದ್ದರು. ಸೀರೆಯುಟ್ಟು ಬರಿಗಾಲಲ್ಲಿ ಬರುತ್ತಿದ್ದ ಅಜ್ಜಿಯನ್ನು ಕಂಡು ಟೋಪಿ ತೆಗೆದು ಪಕ್ಕಕ್ಕೆ ಸರಿದರು. ಅಜ್ಜಿ ತಂತಿಯ ಸಂದಿಯಿಂದ ಅನ್ನ ತೂರಿಸಿದಳು. ಬೋನಿನ ಕಾಗೆ ಕುಪ್ಪಳಿಸಿ ಬಂದು ಗಬಗಬನೆ ತಿಂದಿತು, ಭಜಿಯನ್ನೂ ಬಿಡಲಿಲ್ಲ.

"ಅಜ್ಜಾ ಉಂಡ, ಅಲ್ಲಾ?" ಎಂದೆ, ಆಸೆಯಿಂದ.

ಅಜ್ಜಿ ತಂತಿಗೆ ಅಂಟಿದ್ದ ಅಗಳನ್ನು ಬೆರಳಿನಿಂದ ಒಳಗೆ ತಳ್ಳಿದಳು. "ಹಸದಿತ್ತು, ತಿಂತು. ಒಲ್ಲೆ ಅಂತ ಹಾರಿ ಹೋಗಾಕ ಅದಕ್ಕ ದಾರಿ ಎಲ್ಲೈತಿ?" ಎಂದಳು.

ನಾನು ಹೆರ್ ಪೀಟರ್ಸನ್‌ಗೆ ಎಲ್ಲವನ್ನೂ ಹೇಳಿದೆ, ಈ ಸಲ ಒಂದು ಮಾತೂ ನುಂಗದೆ. ಅಜ್ಜಿ ಇರುವಷ್ಟು ದಿನ ಪಂಜರ ಹೊಲಕ್ಕೆ ಹೋಗದೆ ಅವರ ಕೊಟ್ಟಿಗೆಯಲ್ಲೇ ಇತ್ತು. ಆ ವರ್ಷ ಗೌಜುಗದ ಮರಿ ಉಳಿದವೋ ಇಲ್ಲವೋ ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಅಜ್ಜಿ ಮರುವರ್ಷ ತೀರಿಕೊಂಡಳು. ಅಜ್ಜನ ಸಿಟ್ಟು ಇಳಿದಿತ್ತೋ ಇಲ್ಲವೋ ತಿಳಿಯದೆಯೇ ಹೋದಳು. ಆಮೇಲೆ ಹೆರ್ ಪೀಟರ್ಸನ್ ಹೋದರು, ಇಟ್ಟಿಗೆ ಮನೆಯನ್ನು ಯಾರೋ ಕೊಂಡು ಕೆಡವಿದರು. ನಿಮಗೂ ಅಂಥದೊಂದು ಮನೆ ಇತ್ತೆಂದಾದರೆ, ಎಲ್ಲ ಹೋದ ಮೇಲೂ ಹೊತ್ತಿಗೆ ಸರಿಯಾಗಿ ಆಡದೆ ಹೋದ ಒಂದು ಮಾತು ಹೇಗೆ ಕಾಡುತ್ತದೆಂದು ನಾನು ಹೇಳಬೇಕಿಲ್ಲ.

ಈಗ ನಾನು ಹ್ಯಾಂಬರ್ಗಿನಲ್ಲೇ ಇದ್ದೇನೆ. ಅಜ್ಜಿಯ ತಿಥಿಯ ದಿನ ಬಾಲ್ಕನಿಯಲ್ಲಿ ತುಪ್ಪದ ಅನ್ನದ ಉಂಡೆ ಇಟ್ಟು ಕಾಯುತ್ತೇನೆ. ಸಾಮಾನ್ಯವಾಗಿ ಹತ್ತು ನಿಮಿಷಕ್ಕೆಲ್ಲ ಕಾಗೆ ಬರುತ್ತದೆ, ಆಗ ನನಗೆ ಊಟ ಸೇರುತ್ತದೆ. ಹೋದ ವರ್ಷ ಒಂದು ಕಾಗೆ ಬಂದು ಸರಳಿನ ಮೇಲೆ ಕೂತು, ಅನ್ನವನ್ನೂ ನೋಡಿ, ನನ್ನನ್ನೂ ನೋಡಿ, ಒಲ್ಲೆ ಎನ್ನುವಂತೆ ಹಾರಿಹೋಯಿತು. ಕತ್ತಲಾದ ಮೇಲೆ ಆ ತಟ್ಟೆಯನ್ನು ನಾನೇ ಒಳಗೆ ತಂದೆ. ಸುತ್ತಮುತ್ತ ಎಲ್ಲಿಯೂ ಯಾರೂ ಬೋನು ಇಟ್ಟಿರಲಿಲ್ಲ.