ಕ್ರೋಯ್ಡನ್ನಿನ ಬಾಗಿಲು, ಪಾರ್ಕ್ ರಾಯಲ್ಲಿನ ಬೆಲ್ಲು

ಕ್ರೋಯ್ಡನ್ನಿನ ನಮ್ಮ ಮನೆಗೆ ಕ್ಯಾಮೆರಾ ಇರುವ ಡೋರ್‌ಬೆಲ್ ಬಂದದ್ದು ಒಂದು ಕುಕ್ಕರಿನ ಗ್ಯಾಸ್ಕೆಟ್ ಕಳೆದುಹೋದ ಮೇಲೆ. ಆನ್‌ಲೈನಿನಲ್ಲಿ ತರಿಸಿದ್ದ ಗ್ಯಾಸ್ಕೆಟ್ ತಲುಪಿದೆ ಎಂದು ಮೊಬೈಲಿಗೆ ಮೆಸೇಜು ಬಂತು, ಜೊತೆಗೆ ಸಾಕ್ಷಿಗೊಂದು ಫೋಟೋ. ಫೋಟೋದಲ್ಲಿ ಒಂದು ನೀಲಿ ಬಾಗಿಲು, ಅದರ ಮುಂದೆ ನಮ್ಮ ಪೊಟ್ಟಣ, ಪೊಟ್ಟಣವನ್ನು ಮೂಸುತ್ತಿರುವ ನಾಯಿ. ನಮ್ಮ ಬಾಗಿಲು ಕಂದು ಬಣ್ಣದ್ದು. ನಾಯಿಯಂತೂ ಇಲ್ಲವೇ ಇಲ್ಲ. ಕಂಪನಿಗೆ ತಿಳಿಸಲು ಹೋದರೆ ಉತ್ತರಿಸಿದ್ದು ಮನುಷ್ಯನಲ್ಲ, ಚಾಟ್ ಮಾಡುವ ಯಂತ್ರ. ಅದು ನನ್ನ ದೂರನ್ನೆಲ್ಲ ಬಹಳ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ, ಪೊಟ್ಟಣ ತಲುಪಿಸಿದ್ದಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ವಿಚಾರಿಸಿತು.

ನನ್ನ ಗಂಡನಿಗೆ ಇದು ಅವಮಾನವೆನಿಸಿತು. ಅವನು ವಿಜಯಪುರದ ಕಡೆಯವನು, ಲಂಡನ್ನಿನ ಇನ್ನೊಂದು ತುದಿಯ ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡುತ್ತಾನೆ. ಬ್ರೆಡ್ಡಿನ ಅಂಚು ಒಂದು ಕೂದಲೆಳೆ ಆಚೀಚೆಯಾದರೂ ಸಹಿಸುವವನಲ್ಲ. ಆ ಶನಿವಾರವೇ ಡೋರ್‌ಬೆಲ್ ತಂದು, ಅರ್ಧ ದಿನ ಗೋಡೆ ಕೊರೆದು ಕೂರಿಸಿದ. ಎಲ್ಲ ಮುಗಿದು ನಾನು ಹೊರಗಿನಿಂದ ಒತ್ತಿದಾಗ ಅವನ ಜೇಬಿನ ಫೋನು ರಿಂಗಾಯಿತು. ಮನೆಯೊಳಗೆ ಮಾತ್ರ ಸದ್ದಿಲ್ಲ. ಡಬ್ಬಿಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು: ಮನೆಯೊಳಗೆ ಗಂಟೆ ಬಾರಿಸುವ ಭಾಗವನ್ನು ಬೇರೆಯಾಗಿ ಕೊಳ್ಳತಕ್ಕದ್ದು. ಗಂಟೆ ಬಾರಿಸದ ಗಂಟೆಯನ್ನು ಕೊಂಡಿದ್ದೇವೆಂದು ನಾನಂದೆ. ಅವನು, ಆ್ಯಪ್ ಇದೆಯಲ್ಲ, ಸಾಕು ಎಂದ.

ಅಲ್ಲಿಂದ ಮುಂದೆ ನಮ್ಮ ಬಾಗಿಲಿನ ಬೆಲ್ಲು ಪಾರ್ಕ್ ರಾಯಲ್‌ನಲ್ಲಿ ಹೊಡೆದುಕೊಳ್ಳತೊಡಗಿತು. ನಾನು ಮಹಡಿಯ ಮಲಗುವ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಕೆಲಸ ಮಾಡುತ್ತಿರುತ್ತೇನೆ. ಬಾಗಿಲು ನನ್ನಿಂದ ಹದಿಮೂರು ಮೆಟ್ಟಿಲು ಕೆಳಗೆ. ಅಲ್ಲಿ ಪೋಸ್ಟಿನವನು ನಿಂತಿರುವ ಸುದ್ದಿ ಇಡೀ ಲಂಡನ್ ದಾಟಿ ಹೋಗಿ, ಗಂಡನ ಫೋನಿನ ಮೂಲಕ ವಾಪಸು ನನಗೆ ಬರುತ್ತಿತ್ತು. ನಾನು ಇಳಿದು ಬರುವಷ್ಟರಲ್ಲಿ ಪೋಸ್ಟಿನವನು ಮೂರು ಮನೆ ದಾಟಿರುತ್ತಿದ್ದ.

ಮಾರ್ಚಿನಲ್ಲಿ ಅತ್ತೆ ಬಂದರು. ವಿಸಿಟರ್ ವೀಸಾ, ಐದು ತಿಂಗಳ ಟಿಕೆಟ್ಟು. ನಾನು ಮೈಸೂರಿನವಳು, ಅವರ ಮಾತಿನ ವೇಗಕ್ಕೆ ನನಗೆ ಮೊದಲ ವಾರ ಉಸಿರು ಕಟ್ಟುತ್ತದೆ, ಆಮೇಲೆ ಸರಿಹೋಗುತ್ತದೆ. ಅವರಿಗಿದ್ದ ಒಂದೇ ಕೊರಗು, ಮಗ ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ ಎಂಬುದು. ಅವನ ಮ್ಯಾನೇಜರು ಸ್ವಂತ ಫೋನ್ ಕರೆಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವ್ವ ಮಾಡಿದ ಕರೆಗೆಲ್ಲ, ಮೀಟಿಂಗಿನಲ್ಲಿದ್ದೇನೆ ಎಂಬ ಒಂದು ಸಾಲಿನ ಮೆಸೇಜು ಹೋಗುತ್ತಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಓದಿ, ದಿನಾ ಅಷ್ಟೊಂದು ಏನು ಮಾತಾಡುತ್ತಾರೆ ಇವರು, ಬ್ರೆಡ್ಡಿನ ಬಗ್ಗೆ ಎಂದು ನನ್ನನ್ನು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಅಪರೂಪಕ್ಕೆ ಬಿಸಿಲು ಬಂತೆಂದು ಅವರು ಹೊರಗೆ ಕಾಲಿಟ್ಟರು. ಬಾಗಿಲು ತಾನಾಗಿ ಮುಚ್ಚಿ ಲಾಕ್ ಆಯಿತು. ಬಡಿದರು, ಕೂಗಿದರು, ನನ್ನ ಕಿವಿಯಲ್ಲಿ ಹೆಡ್‌ಫೋನು. ಕೊನೆಗೆ ಬೆಲ್ಲು ಒತ್ತಿದರು. ಗೋಡೆಯೊಳಗಿಂದ ಮಗನ ದನಿ ಬಂತು.

"ಯವ್ವಾ, ಹೊರಗ ಏನ್ ಮಾಡಾಕತ್ತಿ?"

ಅತ್ತೆ ಬಾಗಿಲಿಗೆ ಬೀಗ ಬಿದ್ದ ವಿಷಯ ಹೇಳಲೇ ಇಲ್ಲ. ನಾಷ್ಟಾ ಆಯಿತೇನು, ಸ್ವೆಟರ್ ಹಾಕಿಕೊಂಡು ಹೋದೆಯೇನು ಎಂದು ಕೇಳಿದರು. ಅವನು ಎಲ್ಲಕ್ಕೂ ಉತ್ತರ ಕೊಟ್ಟ. ಬಾಗಿಲು ತೆರೆದದ್ದು ನಾನು ಊಟಕ್ಕೆ ಕೆಳಗಿಳಿದಾಗ. ಮಾರನೆಯ ದಿನ ಹನ್ನೊಂದಕ್ಕೆ ಸರಿಯಾಗಿ ಅವರು ಬೀಗದ ಕೈಯನ್ನು ಇಳಕಲ್ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ತಾವಾಗಿಯೇ ಹೊರಗೆ ಹೋಗಿ ಬೆಲ್ಲು ಒತ್ತಿದರು. ಮೂರನೆಯ ದಿನ ಪ್ಲಾಸ್ಟಿಕ್ ಕುರ್ಚಿಯೂ ಹೋಯಿತು.

ಆ ಕುರ್ಚಿಯಲ್ಲಿ ಕೂತು ಅವರು ಮಗನ ಜೊತೆ ಕಾಲು ಗಂಟೆ ಹರಟುತ್ತಿದ್ದರು. ಕಾರ್ಖಾನೆಯಲ್ಲಿ ಫೋನ್ ಕರೆಗೆ ನಿಯಮವಿತ್ತು, ಮನೆಯ ಬಾಗಿಲಿಗೆ ಇರಲಿಲ್ಲ. ಮನೆಯ ಭದ್ರತೆಯ ವಿಷಯ ಎಂದು ಗಂಡ ಮ್ಯಾನೇಜರಿಗೆ ಹೇಳಿದ್ದನಂತೆ. ಎದುರು ಮನೆಯ ಇಂಗ್ಲಿಷ್ ಅಜ್ಜಿ ಒಂದು ವಾರ ಇದನ್ನು ನೋಡಿ, ಒಂದು ಸಂಜೆ ನನ್ನನ್ನು ಬೀದಿಯಲ್ಲಿ ತಡೆದು, ಬಹಳ ಮೆಲುದನಿಯಲ್ಲಿ, ನಿಮ್ಮ ಅತ್ತೆ ಬಾಗಿಲಿನ ಚೌಕಟ್ಟಿನ ಜೊತೆ ಮಾತಾಡುತ್ತಾರಲ್ಲ, ಜಿಪಿ ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದರು. ನಾನು ವಿವರಿಸಿದೆ. ಅವರು ಯೋಚಿಸಿ, ತಮ್ಮ ಮಗಳೂ ಫೋನ್ ಎತ್ತುವುದಿಲ್ಲ, ಈ ಬೆಲ್ಲು ಯಾವ ಅಂಗಡಿಯದು ಎಂದರು.

ಏಪ್ರಿಲಿನಲ್ಲಿ ಸ್ಥಳೀಯ ಕೌನ್ಸಿಲ್ ಚುನಾವಣೆಯ ಗಾಳಿ ಎದ್ದಿತು. ಗಾಳಿ ಎಂದರೆ ಹೆಚ್ಚೇನಿಲ್ಲ, ಬಾಗಿಲ ಸಂದಿಯಿಂದ ನಾಲ್ಕು ಬಣ್ಣದ ಕಾಗದ ಒಳಗೆ ಬಿದ್ದವು, ಪಿಜ್ಜಾ ಅಂಗಡಿಯ ಕಾಗದಗಳ ನಡುವೆ. ಒಂದು ಬೆಳಿಗ್ಗೆ ಅತ್ತೆ ಬೆಲ್ಲಿನ ಜೊತೆ ಮಾತಿನಲ್ಲಿದ್ದಾಗ ಗೇಟು ತೆಗೆದುಕೊಂಡು ಒಬ್ಬ ಅಭ್ಯರ್ಥಿ ಬಂದ. ಅರವತ್ತು ದಾಟಿದ, ಉದ್ದನೆಯ, ಮಳೆಕೋಟಿನ ಮನುಷ್ಯ, ಎದೆಯ ಮೇಲೆ ರಿಬ್ಬನ್ನಿನ ಹೂವು. ಹೆಂಗಸನ್ನು ಯಾರೋ ಹೊರಗೆ ಹಾಕಿ ಒಳಗಿನಿಂದ ಗದರುತ್ತಿದ್ದಾರೆ ಎಂದು ಅವನಿಗೆ ಅನಿಸಿತಂತೆ. ಎಲ್ಲ ಕ್ಷೇಮವೇ ಎಂದು ಗೋಡೆಯನ್ನೇ ಕೇಳಿದ. ಗೋಡೆ ಇಂಗ್ಲಿಷಿನಲ್ಲಿ, ಇವರು ನನ್ನ ತಾಯಿ, ನಾನು ಆಫೀಸಿನಲ್ಲಿದ್ದೇನೆ ಎಂದಿತು.

ಮುಂದಿನದೆಲ್ಲ ಬೆಲ್ಲಿನಲ್ಲಿ ರೆಕಾರ್ಡ್ ಆಗಿತ್ತು, ಹಾಗಾಗಿ ಅಕ್ಷರಶಃ ಹೇಳಬಲ್ಲೆ. ಯಾರಿವನು ಎಂದು ಅತ್ತೆ ಕೇಳಿದರು. ಎಲೆಕ್ಷನ್ನಿಗೆ ನಿಂತವನು ಎಂದ ಮಗ.

"ಒಬ್ಬನ ಬಂದಾನಲ್ಲೋ. ಹಿಂದ ಮಂದಿ ಎಲ್ಲಿ?"

ಇಲ್ಲಿ ಹಾಗೇ, ಒಬ್ಬೊಬ್ಬರೇ ಬರುತ್ತಾರೆ ಎಂದ. ಜೀಪಿಲ್ಲ, ಮೈಕಿಲ್ಲ, ಕೊರಳಲ್ಲಿ ಹಾರವಿಲ್ಲ. ಅತ್ತೆಗೆ ಅಯ್ಯೋ ಪಾಪ ಎನಿಸಿತು. ಅವನನ್ನು ತಮ್ಮ ಕುರ್ಚಿಯ ಮೇಲೆ ಕೂರಿಸಿ, ಬೀಗ ತೆಗೆದು ಒಳಗೆ ಹೋಗಿ, ಒಂದು ಲೋಟ ನೀರು, ತಟ್ಟೆಯಲ್ಲಿ ಎರಡು ಶೇಂಗಾ ಉಂಡಿ ತಂದರು. ಆಮೇಲೆ ಮಗನ ಅನುವಾದದಲ್ಲಿ ತಮ್ಮ ಅಹವಾಲು ಶುರುಮಾಡಿದರು. ಕಪ್ಪು ತೊಟ್ಟಿಯ ಕಸ ಎರಡು ವಾರಕ್ಕೊಮ್ಮೆ ಒಯ್ದರೆ ನಡುವೆ ನಾತಕ್ಕೆ ಯಾರು ಹೊಣೆ? ಅಭ್ಯರ್ಥಿ, ಅದು ಗುತ್ತಿಗೆದಾರರಿಗೆ ಬಿಟ್ಟದ್ದು ಎಂದ. ಜಿಪಿಯ ಭೇಟಿಗೆ ಸೊಸೆ ಬೆಳಿಗ್ಗೆ ಎಂಟರಿಂದ ಫೋನ್ ಹಿಡಿದು ಕೂರಬೇಕೇಕೆ? ಅದು ಕೌನ್ಸಿಲಿಗೆ ಸಂಬಂಧಿಸಿದ್ದಲ್ಲ. ಬಿಸಿಲು? ಅದನ್ನು ಮಗ ಅನುವಾದಿಸಲಿಲ್ಲ.

"ಮತ್ತ ಇವನ ಕೈಯಾಗ ಏನೈತಿ, ಕೇಳು."

ಮಗ ಅದನ್ನು ಇಂಗ್ಲಿಷಿಗೆ ತಂದದ್ದು ಹೀಗೆ: ನಿಮ್ಮ ಮುಖ್ಯ ಗುರಿಗಳೇನು ಎಂದು ತಾಯಿ ತಿಳಿಯಬಯಸುತ್ತಾರೆ. ಅಭ್ಯರ್ಥಿಯ ಮುಖ ಅರಳಿತು. ರಸ್ತೆಯ ಗುಂಡಿಗಳು ಎನ್ನುತ್ತ ಕಾಗದವೊಂದನ್ನು ತೆಗೆದ. ಅದರಲ್ಲಿ ಅವನು ಒಂದು ಗುಂಡಿಯ ಪಕ್ಕ ನಿಂತು ಅದಕ್ಕೆ ಬೆರಳು ತೋರಿಸುತ್ತಿದ್ದ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಮುಚ್ಚಿದ ಮ್ಯಾಲ ಫೋಟೋ ತಗಸ್ಬೇಕಿತ್ತಿಲ್ಲ ಇವ."

ಈ ಹೊತ್ತಿಗೆ ಪಾರ್ಕ್ ರಾಯಲ್‌ನಲ್ಲಿ ಮ್ಯಾನೇಜರು ಬಂದು ಗಂಡನ ಬೆನ್ನ ಹಿಂದೆ ನಿಂತಿದ್ದ. ಗಂಡ ಮೇಜಿನ ಫೋನಿನಿಂದ ನನಗೆ ಕರೆ ಮಾಡಿ, ಲಗೂನ ಕೆಳಗೆ ಹೋಗು, ಅವ್ವ ಕ್ಯಾಂಡಿಡೇಟಿಗೆ ಉಂಡಿ ತಿನ್ನಿಸುತ್ತಿದ್ದಾಳೆ ಎಂದ. ನಾನು ಇಳಿದು ಹೋದಾಗ ಅಭ್ಯರ್ಥಿ ಎರಡನೆಯದನ್ನು ಮುಗಿಸಿ ಬೆರಳು ಒರೆಸಿಕೊಳ್ಳುತ್ತಿದ್ದ. ಬಹಳ ರುಚಿಯಾಗಿದೆ, ಏನು ಹಾಕುತ್ತಾರೆ ಎಂದು ಕೇಳಿದ. ಶೇಂಗಾ ಎಂದೆ. ಅವನು ಬಿಳಿಚಿಕೊಂಡು ಎದ್ದುನಿಂತ. ನನಗೆ ಆಂಬುಲೆನ್ಸಿನ ನಂಬರೇ ಮರೆತುಹೋಯಿತು. ಒಂದು ಕ್ಷಣದ ಮೇಲೆ ಅವನು ನಿಧಾನವಾಗಿ ಮತ್ತೆ ಕೂತು, ಕ್ಷಮಿಸಿ, ಶೇಂಗಾ ಆಗದಿರುವುದು ನನ್ನ ಹೆಂಡತಿಗೆ, ನನಗಲ್ಲ ಎಂದ.

ಈ ತಾಯಿಯ ಬೆಂಬಲ ತನಗುಂಟೇ ಎಂದು ಕೇಳಿದಾಗ ನಾನು ನಿಜ ಹೇಳಲೇಬೇಕಾಯಿತು: ಅವರು ನೋಡಿಹೋಗಲು ಬಂದವರು, ಇಲ್ಲಿ ಅವರಿಗೆ ಓಟಿಲ್ಲ. ಅವನು ಅರ್ಧ ಗಂಟೆ ಕಳೆದಿದ್ದ. ಆದರೂ ಮುಖ ಸಪ್ಪೆ ಮಾಡದೆ ಅತ್ತೆಗೆ ಕೈಮುಗಿದು, ಬೆಲ್ಲಿಗೂ ವಂದನೆ ಹೇಳಿ ಹೋದ. ಆಫೀಸಿನಲ್ಲಿ ಮ್ಯಾನೇಜರು ಗಂಡನ ಭುಜ ತಟ್ಟಿ, ಗುಂಡಿಯ ಫೋಟೋ ನೋಡಿ ಅಮ್ಮ ಅಂದದ್ದೇನು ಎಂದು ಕೇಳಿದನಂತೆ. ಅರ್ಥ ತಿಳಿದು ಬಹಳ ಹೊತ್ತು ನಕ್ಕ.

ಮತದಾನದ ದಿನ ಅತ್ತೆಯೂ ಹಟಮಾಡಿ ನನ್ನ ಜೊತೆ ಬಂದರು. ಚರ್ಚಿನ ಹಾಲು ಮತಗಟ್ಟೆ. ಅವರನ್ನು ಹೊರಗಿನ ಬೆಂಚಿನ ಮೇಲೆ, ಒಡೆಯರಿಗಾಗಿ ಕಾಯುತ್ತಿದ್ದ ಎರಡು ನಾಯಿಗಳ ಪಕ್ಕ ಕೂರಿಸಿ ಒಳಗೆ ಹೋದೆ. ಬಂದಾಗ ಅವರು ಮೊದಲು ಮಾಡಿದ್ದು ನನ್ನ ಎಡಗೈ ಹಿಡಿದು ಬೆರಳು ನೋಡಿದ್ದು. ಮಸಿ ಇಲ್ಲ ಎಂದೆ. ಯಾವ ಗುಂಡಿ ಒತ್ತಿದೆ ಎಂದರು. ಗುಂಡಿಯೂ ಇಲ್ಲ, ಮಷಿನ್ನೂ ಇಲ್ಲ, ದಾರ ಕಟ್ಟಿದ ಪೆನ್ಸಿಲಿನಿಂದ ಕಾಗದದ ಮೇಲೆ ಗೀಟು ಎಳೆದು ಬಂದೆ ಎಂದೆ. ಅವರು ನಡೆಯುತ್ತಿದ್ದವರು ನಿಂತರು.

"ಬಾಗಲಿಗೆ ಕ್ಯಾಮೆರಾ ಬೇಕು, ಓಟಿಗೆ ಪೆನ್ಸಿಲ್ ಸಾಕಂತೇನ ಇವರಿಗೆ?"

ನಮ್ಮ ಉಂಡಿಯ ಅಭ್ಯರ್ಥಿ ಸೋತ. ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. ಒಬ್ಬಂಟಿ ಬಂದಾಗಲೇ ಗೊತ್ತಿತ್ತು ಎಂದರು.

ಮೇ ಕೊನೆಯ ಒಂದು ಶನಿವಾರ ಅವನು ಮತ್ತೆ ಬಂದ. ಎದೆಯಲ್ಲಿ ಹೂವಿಲ್ಲ, ಕೈಯಲ್ಲಿ ಕಾಗದವಿಲ್ಲ. ಓಟು ಹಾಕಿದವರಿಗೆ ಥ್ಯಾಂಕ್ಸ್ ಹೇಳುತ್ತ ಬೀದಿ ಸುತ್ತುತ್ತಿದ್ದನಂತೆ. ಗಂಡ ಮನೆಯಲ್ಲಿದ್ದ. ಚಹಾ ಕುಡಿಯುತ್ತ ಅಭ್ಯರ್ಥಿ ಹೇಳಿದ, ಈ ಸಲ ಓಡಾಡಿದ ಬೀದಿಗಳಲ್ಲಿ ಬಾಗಿಲು ತೆರೆದವರು ಕಡಿಮೆ, ಮಾತಾಡಿದ್ದೆಲ್ಲ ಬೆಲ್ಲುಗಳೇ. ಬೇಡ, ಆಮೇಲೆ, ಕಾಗದ ಹಾಕಿ ಹೋಗಿ ಎನ್ನುತ್ತಿದ್ದವು. ಬೆಲ್ಲಿನ ಹೊರಬದಿಯಲ್ಲಿ ಕೂತು ಮಾತಾಡಿದವರು ನಿಮ್ಮ ತಾಯಿ ಒಬ್ಬರೇ. ಗಂಡ ಇದನ್ನು ಅತ್ತೆಗೆ ಹೇಳುವಾಗ ಯಾಕೋ ತಡವರಿಸಿದ. ಅತ್ತೆ ಕೇಳಿಸಿಕೊಂಡು, ಈಗ ಏನು ಉದ್ಯೋಗ ಇವನಿಗೆ ಎಂದರು. ರಿಟೈರಾದ ಮೇಷ್ಟ್ರು, ತೋಟ ನೋಡಿಕೊಂಡಿದ್ದಾನೆ ಎಂದು ತಿಳಿದದ್ದೇ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಕುಂಡದಲ್ಲಿ ಹಾಕಿದ್ದ ಮೆಂತ್ಯೆ ಮೂರು ವಾರವಾದರೂ ಮೊಳೆತಿರಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅವನು ಮೊಣಕಾಲೂರಿ ಮಣ್ಣಿನೊಳಗೆ ಬೆರಳು ಇಳಿಸಿದ್ದ, ಅತ್ತೆ ಸೊಂಟಕ್ಕೆ ಕೈಯಿಟ್ಟು ತೀರ್ಪಿಗೆ ಕಾಯುತ್ತಿದ್ದರು, ನಡುವೆ ನನ್ನ ಗಂಡ.

"ನೀರು ಭಾಳ ಆಗೈತಂತವ್ವಾ," ಎಂದ ಗಂಡ.

"ಹಾಕಿದಾಕಿ ನಾನಲ್ಲ, ಇವರ ಮುಗಿಲು," ಎಂದರು ಅತ್ತೆ. ಅದನ್ನು ಗಂಡ ಇದ್ದದ್ದು ಇದ್ದ ಹಾಗೇ ಅನುವಾದಿಸಿದ.