ಮಡಚಿದ ಸಾಲು ಅಳಿಸಿದವರು

ನಮ್ಮ ಮ್ಯಾನೇಜರರ ಬಲಗೈ ಹೆಬ್ಬೆರಳ ಉಗುರಿನಲ್ಲಿ ಸದಾ ಎಲೆಯಡಿಕೆಯ ಸುಣ್ಣ. ಆ ಉಗುರಿನಿಂದಲೇ ನಮ್ಮ ಕಂಪ್ಯೂಟರ್ ಪರದೆ ಕುಟ್ಟಿ ತಪ್ಪು ತೋರಿಸುತ್ತಿದ್ದರು. ಕೊಪ್ಪಳದ ನಮ್ಮ ಮುದ್ರಣಾಲಯದಲ್ಲಿ ಯಾರ ಪರದೆಯ ಮೇಲೆ ಬಿಳಿ ಚುಕ್ಕಿ ಹೆಚ್ಚೋ, ಆ ವಾರ ಅವರಿಗೆ ಬೈಗುಳ ಹೆಚ್ಚು. "ಕಂಪ್ಯೂಟರ್ ಅಂದ್ರ ನನಗ ಎಲಿ ತಿಂದಂಗ" ಎನ್ನುತ್ತಿದ್ದರು. ತಾವೇ ಉಳಿಸಿದ ಫೈಲು ಎಲ್ಲಿದೆ ಎಂದು ಹುಡುಕಲು ಮಾತ್ರ ನಮ್ಮನ್ನು ಕೂಗುತ್ತಿದ್ದರು.

ಆಗ ನಾವು ಯಲಬುರ್ಗಾ ಸೀಮೆಯ ನಿವೃತ್ತ ಶಿಕ್ಷಕಿಯೊಬ್ಬರು ಕೂಡಿಸಿದ ಆಡುಮಾತಿನ ಪದಕೋಶವನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದೆವು. ಇಡೀ ಪುಸ್ತಕ ಒಂದೇ ಫೈಲು, ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿನಿಂದ ಅದನ್ನೇ ತೆರೆದು ತಿದ್ದುತ್ತಿದ್ದೆವು. ಅಕ್ಷರಕ್ಕೊಂದು ವಿಭಾಗ, ಪ್ರತಿ ವಿಭಾಗದ ಆರಂಭಕ್ಕೂ ಕೊನೆಗೂ ನಾವೇ ಗೊತ್ತುಮಾಡಿಕೊಂಡ ಗುರುತು. 'ಅ'ದಿಂದ 'ಹ'ಕ್ಕೆ ಇಳಿಯುವಷ್ಟರಲ್ಲಿ ಬೆರಳು ಸೋಲುತ್ತಿತ್ತು. ನಾವು ಬಳಸುತ್ತಿದ್ದ ಎಡಿಟರ್ ತಂತ್ರಾಂಶದಲ್ಲಿ ವಿಭಾಗ ಮಡಚುವ ಸೌಲಭ್ಯವೇನೋ ಇತ್ತು, ಆದರೆ ನಮ್ಮ ಗುರುತುಗಳು ಅದಕ್ಕೆ ತಿಳಿಯುತ್ತಿರಲಿಲ್ಲ. ಎರಡು ದಿನ ಕೂತು ಅದರ ಸೆಟ್ಟಿಂಗ್ ತಿದ್ದಿದೆ. ಒಂದು ಕೀ ಒತ್ತಿದರೆ 'ಪ' ವಿಭಾಗವೆಲ್ಲ ಒಂದೇ ಸಾಲಾಗಿ ಮಡಚಿಕೊಂಡಿತು. ಮತ್ತೆ ಒತ್ತಿದರೆ ಬಿಚ್ಚಿಕೊಂಡಿತು. ಪಕ್ಕದಲ್ಲಿದ್ದ ಬೇವೂರಿನ ಗೆಳತಿ, "ಸೀರಿ ಮಡಚಿ ಇಟ್ಟಂಗಾತು ನೋಡವಾ" ಎಂದು ನಕ್ಕಳು.

ಮ್ಯಾನೇಜರ್ ನಗಲಿಲ್ಲ. "ಇಂಥಾ ಆಟ ಮನ್ಯಾಗ ಆಡ್ರಿ" ಎಂದರು. ಮರುವಾರ ಗಿರಾಕಿಗಳ ಮುಂದೆ ಅದೇ ಕೀ ಒತ್ತಿ ತೋರಿಸಿ, "ಇದು ನನ್ನ ಐಡಿಯಾರಿ" ಎಂದರು. ಮಡಚಿದ್ದನ್ನು ಬಿಚ್ಚುವುದು ಹೇಗೆಂದು ನಮ್ಮನ್ನು ಕೇಳಲು ಮಾತ್ರ ಅವರ ಮರ್ಯಾದೆ ಬಿಡಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ 'ಪ' ವಿಭಾಗವೇ ಇಲ್ಲ. ಅದನ್ನು ತಿದ್ದುತ್ತಿದ್ದವಳು ಗೆಳತಿ. "ತಲಿ ಎಲ್ಲಿಟ್ಟೀಯವಾ? ದನಾ ಕಾಯಾಕ ಹೋಗು" ಎಂದು ಮ್ಯಾನೇಜರ್ ಎಲ್ಲರೆದುರು ಅಂದರು. ಅವಳು ಬುತ್ತಿಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಎಡಿಟರ್ ಪ್ರತಿ ಸಲ ಉಳಿಸುವಾಗಲೂ ಹಿಂದಿನ ಪ್ರತಿಯನ್ನು ಆಯಾ ಕಂಪ್ಯೂಟರಿನಲ್ಲೇ ಇಟ್ಟಿರುತ್ತದೆ. ಒಂದೊಂದೇ ಕಂಪ್ಯೂಟರ್ ತೆರೆದು ನೋಡಿದೆ. 'ಪ' ಕಾಣೆಯಾಗಿದ್ದು ಮ್ಯಾನೇಜರರ ಕಂಪ್ಯೂಟರಿನಲ್ಲಿ. ಮಡಚಿದ ಒಂಟಿ ಸಾಲನ್ನು ಬೇಡದ ಸಾಲೆಂದು ಅಳಿಸಿ ಉಳಿಸಿದ್ದರು. ಹಿಂದಿನ ಪ್ರತಿ ಅಲ್ಲೇ ಸಿಕ್ಕಿತು.

"ಸರ್, ಅಳಿಸಿದವರು ನೀವರಿ. ಆಕಿಗೆ ಫೋನ್ ಮಾಡಿ ಹೇಳ್ರಿ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ಮಷೀನ್ ತಪ್ಪು ಮಾಡೈತಿ. ಪದಾ ಸಿಕ್ಕಾವಲ್ಲ? ಕೆಲಸಾ ನೋಡ್ರಿ."

ನಾನೇ ಗೆಳತಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. "ಅವರ ಬಾಯಿಲೆ ತಪ್ಪಾತು ಅಂದ್ರೇನು?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾದ್ರ ಬಿಡವಾ" ಎಂದಳು. ಅವಳು ಮರಳಲಿಲ್ಲ. ಅಂದೇ, ಮಡಚಿದ ವಿಭಾಗವನ್ನು ಬಿಚ್ಚದೆ ಅಳಿಸಲು ಬಾರದಂತೆ ಸೆಟ್ಟಿಂಗ್ ಬದಲಿಸಿದೆ. ಮೊದಲೇ ಮಾಡಬೇಕಿತ್ತು, ಆ ತಪ್ಪು ನನ್ನದು. ಅದನ್ನೂ ಅವರು ಗಿರಾಕಿಗಳಿಗೆ ತಮ್ಮದೇ ಎಂದು ತೋರಿಸಿದರು.

ಕಳೆದ ವರ್ಷ ಮ್ಯಾನೇಜರ್ ತೀರಿಕೊಂಡರು. ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, "ಪದಾ ಅಳಿಸಿದ್ದು ನಾನ, ಆ ಬೇವೂರ ಹುಡುಗಿ ಅಲ್ಲ ಅಂತ ಮನ್ಯಾಗ ಎಷ್ಟ ಸಲ ಹೇಳ್ಯಾರವಾ. ಭಾಳ ಹಳಹಳಿಸ್ತಿದ್ರು" ಎಂದರು. ಆ ತಾಯಿಯ ಮುಂದೆ ಸುಮ್ಮನೆ ತಲೆಯಾಡಿಸಿದೆ. ನನ್ನ ಮನಸ್ಸು ಮಾತ್ರ ಕರಗಲಿಲ್ಲ.

ಹೊರಗೆ ಬಂದು ಬೇವೂರಿಗೆ ಫೋನ್ ಮಾಡಿ ಅವರ ಹೆಂಡತಿ ಹೇಳಿದ್ದನ್ನು ಹೇಳಿದೆ. ಗೆಳತಿ, "ನನ್ನ ನಂಬರ್ ಅವರ ಹತ್ರ ಇತ್ತಲ್ಲವಾ" ಎಂದಳು.