ಇವರ ಭಾಷಣಕ್ಕೆ ನನ್ನ ತಿದ್ದುಪಡಿ

ಇವತ್ತು ಬೆಳಿಗ್ಗೆ ಇವರ ಅಂಗಿಗಳನ್ನು ಯಾರಿಗಾದರೂ ಕೊಡೋಣವೆಂದು ಮಡಚುತ್ತಿದ್ದೆ. ಒಂದರ ಜೇಬಿನಿಂದ ಜ್ಯೇಷ್ಠಮಧುವಿನ ಕಡ್ಡಿ ಬಿತ್ತು. ಗಂಟಲಿಗೆ ಒಳ್ಳೆಯದೆಂದು ಭಾಷಣದ ದಿನ ನನ್ನ ಯಜಮಾನರು ಅದನ್ನು ಜಗಿಯುತ್ತಿದ್ದರು. ಗಂಟಲು ಸರಿಯಾಗಿಯೇ ಇರುತ್ತಿತ್ತು, ಕಷ್ಟವೆಲ್ಲ ಕೇಳುವವರಿಗೆ. ಸಂಜೆ ಕನ್ನಡ ಸಂಘದಲ್ಲಿ ಇವರ ಶ್ರದ್ಧಾಂಜಲಿ ಸಭೆ. ನಾನೂ ನಾಲ್ಕು ಮಾತಾಡಬೇಕಂತೆ. ಏನು ಹೇಳುವುದೆಂದು ಹೊಳೆದಿರಲಿಲ್ಲ.

ನೀವು ಇವರ ಭಾಷಣ ಕೇಳಿಲ್ಲವಾದರೆ ಹೆಚ್ಚು ಬೇಸರಪಡಬೇಡಿ. ಘಣಸೋಲಿಯಲ್ಲಿ ಗುಮಾಸ್ತಿಕೆ ಮುಗಿಸಿ, ಲೋಕಲ್ ರೈಲಿನಲ್ಲಿ ನಜ್ಜುಗುಜ್ಜಾಗಿ ಡೊಂಬಿವಲಿಯ ಮನೆಗೆ ಬಂದು, ‘ಚಟ್ನಿಗೆ ಉಪ್ಪು ಕಮ್ಮಿ’ ಎಂದು ಚುಟುಕಾಗಿ ಹೇಳಬಲ್ಲ ಮನುಷ್ಯ, ಮೈಕ್ ಕಂಡ ಕೂಡಲೇ ‘ಶತಮಾನಗಳ ಶೋಷಣೆಯ ಸಂಕೋಲೆ’ ಎಂದು ಶುರುಮಾಡುತ್ತಿದ್ದರು. ಮಾತು ನ್ಯಾಯದ್ದೇ. ಆದರೆ ಸಂಕೋಲೆ ಕಳಚುವ ಹೊತ್ತಿಗೆ ಹಿಂದಿನ ಸಾಲಿನವರು ಚಹಾಕ್ಕೆ ಎದ್ದಿರುತ್ತಿದ್ದರು.

ಸಂಘದ ವಾರ್ಷಿಕೋತ್ಸವದಲ್ಲಿ ಆಗೆಲ್ಲ ಒಂದು ಪದ್ಧತಿಯಿತ್ತು. ಚಪ್ಪರ ಕಟ್ಟಿ ಕುರ್ಚಿ ಹೊತ್ತ ಕಲಬುರಗಿ ಕಡೆಯ ಕೂಲಿಯವರಿಗೆ ಎಲ್ಲ ಪಂಕ್ತಿ ಮುಗಿದ ಮೇಲೆ, ಸಭಾಂಗಣದ ಹಿಂದೆ, ಕಾಗದದ ತಟ್ಟೆಯಲ್ಲಿ ಊಟ. ಅವರೂ ಕನ್ನಡದವರಲ್ಲವೇ ಎಂದರೆ, ಸದಸ್ಯರಲ್ಲ ಎಂಬ ಉತ್ತರ ಸಿದ್ಧವಿರುತ್ತಿತ್ತು. ಒಂದು ವರ್ಷ ಇವರು ಇದರ ಬಗ್ಗೆಯೇ ಭಾಷಣ ಬರೆದು ನನಗೆ ಓದಿ ಹೇಳಿದರು. ‘ಶೋಷಿತ ಬಂಧುಗಳಿಗೆ ದಯೆ ತೋರೋಣ’ ಎಂಬಲ್ಲಿ ನನ್ನ ಲಟ್ಟಣಿಗೆ ನಿಂತಿತು.

“ಶೋಷಿತ ಬಂಧು ಅಂದ್ರೆ ಚಪ್ಪರದ ಮೇಸ್ತ್ರಿ ಶರಣಪ್ಪನಾ?”

“ಹೌದು. ಅವನೂ, ಅವನ ಜೊತೆಯವರೂ.”

“ಹಾಗಾದ್ರೆ ಶರಣಪ್ಪ ಅಂತಲೇ ಹೇಳಿ ಮಾರಾಯ್ರೆ. ಮತ್ತೆ ಆ ದಯೆ ಬೇಡ. ದಯೆ ಅಂದ್ರೆ ಈ ವರ್ಷ ತೋರಿಸಿ ಬರುವ ವರ್ಷ ಮರೀಬಹುದು.”

ಇವರು ಮುಖ ಊದಿಸಿಕೊಂಡರು. ಹತ್ತನೆಯ ಕ್ಲಾಸಿನ ಹೆಂಡತಿ ಬಿ.ಎ. ಗಂಡನ ಭಾಷಣ ತಿದ್ದುವುದೆಂದರೆ ಸಣ್ಣ ಅವಮಾನವೇ?

ಆದರೆ ಸಭೆಯಲ್ಲಿ ಇವರು ಸಂಕೋಲೆಯ ಸುದ್ದಿಗೇ ಹೋಗಲಿಲ್ಲ. “ಈ ಚಪ್ಪರ ಕಟ್ಟಿದವರು ಶರಣಪ್ಪನವರು. ಇವತ್ತು ನನ್ನ ಪಕ್ಕದ ಎಲೆ ಅವರದ್ದು. ಅವರು ಬಂದು ಕೂರುವವರೆಗೆ ನಾನು ಉಣ್ಣುವುದಿಲ್ಲ,” ಎಂದು ಇಳಿದುಬಂದರು. ಶೋಷಣೆ ಎಂದಾಗಲೆಲ್ಲ ತಲೆದೂಗುತ್ತಿದ್ದವರು ಈಗ ನೆಲ ನೋಡತೊಡಗಿದರು. ಕೆಲವರು ಗೊಣಗಿದರು. ದೊಡ್ಡ ಮಾತು ಯಾರನ್ನೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಅದಕ್ಕೇ ಎಲ್ಲರಿಗೂ ಇಷ್ಟ. ಅಧ್ಯಕ್ಷರು ಬಹಳ ಹೊತ್ತು ಕನ್ನಡಕ ಒರೆಸಿ, ಕೊನೆಗೆ ಇನ್ನಷ್ಟು ಎಲೆ ಹಾಕಲು ಹೇಳಿದರು.

ಶರಣಪ್ಪ ಮುದುಡಿಕೊಂಡೇ ಕೂತರು. ನಮ್ಮ ಉಡುಪಿ ಕಡೆಯ ಸಾರು ಬಾಯಿಗಿಟ್ಟು, “ಇದಕ್ಕ ಬೆಲ್ಲ ಯಾಕ ಹಾಕ್ತೀರ್ರಿ?” ಅಂದರು. ಸಮಾನತೆ ಬಂತೆಂದು ನನಗೆ ಖಾತ್ರಿಯಾದದ್ದು ಆಗ.

ಸಂಜೆಯ ಸಭೆಯಲ್ಲಿ ಕಾರ್ಯದರ್ಶಿಗಳು ‘ಅಗಲಿದ ಚೇತನ’ ಎಂದರು, ಇನ್ನೊಬ್ಬರು ‘ತುಂಬಲಾರದ ನಷ್ಟ’ ಎಂದರು. ಬೇರೆ ಯಾರೋ ತೀರಿಕೊಂಡಂತೆ ಕೇಳುತ್ತಿತ್ತು. ನನ್ನ ಸರದಿ ಬಂತು. “ಇವರು” ಎಂದು ಆರಂಭಿಸಿ ನಿಂತುಬಿಟ್ಟೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಾದಾಗಿನಿಂದ ನಾನು ಅದನ್ನು ಬಾಯಿಬಿಟ್ಟು ಹೇಳಿದವಳೇ ಅಲ್ಲ. ಶರಣಪ್ಪನ ಹೆಸರು ಹಿಡಿದೇ ಹೇಳಿ ಎಂದು ಇವರನ್ನು ತಿದ್ದಿದವಳು ಮಾತ್ರ ನಾನೇ.

ಮೈಕನ್ನು ಹತ್ತಿರ ಎಳೆದುಕೊಂಡೆ.

“ವಾಸುದೇವ,” ಎಂದೆ. “ನನ್ನ ಗಂಡ.”